ಮೊದಲ ಎರಡು ರೊಟ್ಟಿ

ಹಾಸ್ಟೆಲ್ಲಿನ ಅಡಿಗೆಮನೆಯ ಹೊಸ್ತಿಲ ಬಳಿ ಒಬ್ಬ ಹುಡುಗಿ ತಾಟು ಹಿಡಿದು ಕುಳಿತಿದ್ದಾಳೆ. ತಲೆ ತಗ್ಗಿಸಿದ್ದಾಳೆ. ಒಳಗೆ ಹಂಚು ಕಾಯುತ್ತಿದೆ, ಹೊರಗೆ ಊಟದ ಹಾಲ್ ಖಾಲಿ. ಸಂಜೆ ಐದೂವರೆಯ ಹೊತ್ತು.

ನನ್ನ ನೆನಪಿನಲ್ಲಿರುವ ಚಿತ್ರ ಇದು. ಇದರಲ್ಲಿ ನಾನು ಕಂಡದ್ದೆಷ್ಟು, ಆಮೇಲೆ ತುಂಬಿಕೊಂಡದ್ದೆಷ್ಟು ಎಂದು ಈಗ ಯಾರಾದರೂ ಕೇಳಿದರೆ ನೇರವಾಗಿ ಉತ್ತರಿಸಲಾರೆ. ಆದರೆ ಈ ಚಿತ್ರವನ್ನು ನಂಬಿ ನಾನು ಹಾಸ್ಟೆಲ್ಲಿನ ಎಲ್ಲ ಹುಡುಗಿಯರ ಊಟದ ವೇಳೆಯನ್ನು ಬದಲಿಸಿದೆ. ಯಾರ ಒಳ್ಳೆಯದಕ್ಕೆಂದು ಬದಲಿಸಿದೆನೋ ಆ ಹುಡುಗಿಯೇ ಅದರಿಂದ ಕಾಲೇಜು ಬಿಡುವ ಹಂತಕ್ಕೆ ಬಂದಳು. ಅಷ್ಟು ಮಾತ್ರ ಖಚಿತ.

ನಾನು ಅಥಣಿಯ ಒಂದು ಪದವಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ. ಹಾಸ್ಟೆಲ್ಲಿನ ವಾರ್ಡನ್ ಕೆಲಸ ಹೆಚ್ಚುವರಿಯಾಗಿ ಬಂದದ್ದು. ಮದುವೆಯಾಗದ ಪ್ರಾಧ್ಯಾಪಕಿ ನಾನೊಬ್ಬಳೇ ಇದ್ದೆ. "ನಿಮಗೇನ್ರಿ ಮೇಡಂ, ಮನ್ಯಾಗ ದಾರಿ ಕಾಯವ್ರು ಯಾರದಾರ?" ಎಂದು ಪ್ರಾಂಶುಪಾಲರು ನಗುತ್ತ ಆದೇಶದ ಪ್ರತಿಯನ್ನು ಕೈಗಿತ್ತರು. ಆ ಮಾತಿಗೆ ನಾನೂ ನಕ್ಕೆ ಎಂದು ದಿನಚರಿಯಲ್ಲಿದೆ.

ಹುಡುಗಿಯರು ಸುತ್ತಲಿನ ಊರುಗಳಿಂದ ಬಂದವರು. ರಾಯಬಾಗ, ಚಿಕ್ಕೋಡಿ, ಯಡೂರು, ಐಗಳಿ. ಕೊಗನೊಳ್ಳಿಯವಳೊಬ್ಬಳಿದ್ದಳು. ನಿಪ್ಪಾಣಿಯ ಕಾಲೇಜು ಅವಳ ಮನೆಗೆ ಹತ್ತಿರ. ಆದರೂ ಸೋದರಮಾವ ಇಲ್ಲಿದ್ದಾನೆಂದು ಇಲ್ಲಿ ಸೇರಿದ್ದಳು. ಹುಡುಗಿಯರ ನಡುವೆ ಜಗಳ ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುತ್ತಿತ್ತು, ಒಮ್ಮೊಮ್ಮೆ ತಿರುವುಮುರುವಾಗಿ. ಅಡಿಗೆಯಾಕೆಯನ್ನು ಎಲ್ಲರೂ ಮಾವಶಿ ಎನ್ನುತ್ತಿದ್ದರು. ಐಗಳಿಗೆ ಸೊಸೆಯಾಗಿ ಬಂದವಳು, ತವರು ಮಿರಜ ಕಡೆ. ಮರಾಠಿಯಲ್ಲಿ ಚಿಕ್ಕವ್ವನಿಗೆ ಮಾವಶಿ ಅನ್ನುತ್ತಾರೆ. ಇಲ್ಲಿ ಆಕೆ ಎಲ್ಲರಿಗೂ ಚಿಕ್ಕವ್ವ, ನನಗೂ.

ಆ ವರ್ಷ ಕಾಲೇಜಿಗೆ ಒಂದು ಸುತ್ತೋಲೆ ಬಂತು. ಸಮಾನ ಅವಕಾಶ ಕೋಶ ಎಂದೊಂದನ್ನು ಮಾಡಬೇಕು, ಯಾವ ವಿದ್ಯಾರ್ಥಿಯೂ ಹೊರಗುಳಿಯದಂತೆ ನೋಡಿಕೊಳ್ಳಬೇಕು, ಮಾಡಿದ್ದನ್ನು ವರದಿಯಲ್ಲಿ ತೋರಿಸಬೇಕು. ಕಾಲೇಜನ್ನು ನೋಡಲು ಮೌಲ್ಯಮಾಪನದ ತಂಡ ಬರುವುದಿತ್ತು. ಎಂ.ಎ. ಓದುವಾಗ ಹೊರಗಿಡುವುದರ ಬಗ್ಗೆಯೇ ದೊಡ್ಡ ಪ್ರಬಂಧ ಬರೆದವಳಾದ್ದರಿಂದ ಕೋಶದ ಸಂಚಾಲಕಿ ನಾನೇ ಆದೆ. ಸುತ್ತೋಲೆಯ ಜೊತೆಗಿದ್ದ ತಃಖ್ತೆಯಲ್ಲಿ ಜಾತಿಗೆ, ಧರ್ಮಕ್ಕೆ, ಭಾಷೆಗೆ, ಅಂಗವೈಕಲ್ಯಕ್ಕೆ ಒಂದೊಂದು ಕಾಲಮ್ಮು ಇತ್ತು. ಊಟದ ಹೊತ್ತಿಗೆ ಇರಲಿಲ್ಲ.

ಹೊಸ್ತಿಲ ಬಳಿ ಕುಳಿತಿದ್ದ ಹುಡುಗಿ ಕಾಗವಾಡ ಕಡೆಯವಳು. ಕಬ್ಬು, ದ್ರಾಕ್ಷಿ ಬೆಳೆಯುವ ಜೈನ ಮನೆತನ. ಬಿ.ಎಸ್ಸಿ. ಎರಡನೆಯ ವರ್ಷ. ಅಕ್ಕಂದಿರಿಬ್ಬರಿಗೂ ಪಿಯುಸಿ ಮುಗಿದ ಕೂಡಲೇ ಮದುವೆಯಾಗಿತ್ತು. ಮನೆ ಬಿಟ್ಟು ಓದಲು ಬಂದ ಮೊದಲ ಹುಡುಗಿ ಇವಳು. ಅಜ್ಜಿ ಒಂದು ಮಾತಿನ ಮೇಲೆ ಕಳಿಸಿದ್ದಳು: ಹೊತ್ತು ಮುಳುಗಿದ ಮೇಲೆ ಉಣ್ಣಬಾರದು. ಹಾಸ್ಟೆಲ್ಲಿನ ಊಟ ಏಳೂವರೆಗೆ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆ ಸಂಜೆ ನಾನು ಅಡಿಗೆಮನೆಗೆ ಹೋದದ್ದು ಗ್ಯಾಸ್ ಸಿಲಿಂಡರ್ ಎಷ್ಟು ಉಳಿದಿವೆ ಎಂದು ನೋಡಲು.

"ಈಕಿ ಯಾಕ ಇಲ್ಲಿ ಕುಂತಾಳ?" ಎಂದು ಮಾವಶಿಯನ್ನು ಕೇಳಿದೆ.

"ಹೊತ್ತ ಮುಣಗೂದ್ರಾಗ ಉಣ್ಣಬೇಕ್ರಿ ಆಕಿ. ಹಂಚಿಂದ ಇಳಿಯೂ ಮೊದಲಿನ ಎರಡು ರೊಟ್ಟಿ ಆಕೀಗೆ. ಬ್ಯಾಳ್ಯಾಗ ಬಳ್ಳೊಳ್ಳಿ ಬೀಳೂಕಿಂತ ಮೊದಲ ಒಂದ ವಾಟಗಾ ತಗದ ಇಟ್ಟಿರತೀನಿ."

"ದಿನಾ ಹಿಂಗ ಒಬ್ಬಾಕೀನ ಕುಂಡರತಾಳನು?"

"ಹೌದ್ರಿ. ಅಷ್ಟೊತ್ತಿಗೆ ಬ್ಯಾರೆ ಯಾರ ಬರತಾರ?"

ಹುಡುಗಿ ತಾಟು ಹಿಡಿದೇ ಎದ್ದು ನಿಂತಿದ್ದಳು. ಕುಳಿತುಕೊ ಎಂದೆ. ಅವಳನ್ನು ಏನೂ ಕೇಳಲಿಲ್ಲ. ಹೊರಗೆ ಬಂದೆ.

ಹೊರಗೆ ಬಂದವಳಿಗೆ ನೆನಪಾದದ್ದು ಒಂದು ಕಲ್ಲು. ರಾಯಬಾಗ ತಾಲ್ಲೂಕಿನ ನಮ್ಮ ಊರಲ್ಲಿ ಅವ್ವ ಒಬ್ಬ ದೊಡ್ಡ ರೈತರ ಹೊಲಕ್ಕೆ ಕೆಲಸಕ್ಕೆ ಹೋಗುತ್ತಿದ್ದಳು. ಮಧ್ಯಾಹ್ನ ಅವರ ಮನೆಯವರೆಲ್ಲ ಪಡಸಾಲೆಯಲ್ಲಿ ಉಣ್ಣುತ್ತಿದ್ದರು. ನಾವು ದನದ ಕೊಟ್ಟಿಗೆಯ ಪಕ್ಕದ ಕಲ್ಲಿನ ಮೇಲೆ. ರೊಟ್ಟಿ ಮೇಲಿನಿಂದ ಕೈಗೆ ಬೀಳುತ್ತಿತ್ತು. ಕಲ್ಲು ತೊಡೆಗೆ ಸುಡುತ್ತಿದ್ದದ್ದು, ನಾನು ತಲೆ ಎತ್ತದೆ ಉಂಡದ್ದು, ಎಲ್ಲವೂ ನಿಚ್ಚಳವಾಗಿ ನೆನಪಿದೆ. ನನ್ನ ಪ್ರಬಂಧದ ಹಿಂದಿದ್ದದ್ದೂ ಆ ಕಲ್ಲೇ. ಗುರುಗಳಿಗೆ ಅದನ್ನು ಹೇಳಿದ್ದೆ, ತರಗತಿಯಲ್ಲೂ ಒಂದೆರಡು ಸಲ ಹೇಳಿದ್ದೇನೆ.

ಮರುದಿನವೇ ಕೋಶದ ಸಭೆ ಕರೆದೆ. ಹತ್ತು ನಿಮಿಷದಲ್ಲಿ ಒಪ್ಪಿಗೆ ಸಿಕ್ಕಿತು. ಊಟದ ಹಾಲಿನ ಬೋರ್ಡಿನ ಮೇಲೆ ನನ್ನ ಕೈಯಾರೆ ಬರೆದೆ: ಇಂದಿನಿಂದ ರಾತ್ರಿಯ ಊಟ ಸಂಜೆ ಐದೂವರೆಗೆ. ಎಲ್ಲರೂ ಕೂಡಿ ಊಟ. ಅದರ ಕೆಳಗೆ ಇನ್ನೊಂದು ಸಾಲು: ಅಡಿಗೆಮನೆಯೊಳಗೆ ವಿದ್ಯಾರ್ಥಿನಿಯರಿಗೆ ಪ್ರವೇಶವಿಲ್ಲ. ಮತ್ತೆ ಯಾರೂ ಯಾರನ್ನೂ ಹೊಸ್ತಿಲಲ್ಲಿ ಕೂರಿಸಬಾರದೆಂದು ಆ ಸಾಲು.

ಮೊದಲ ದಿನ ಫೋಟೋ ತೆಗೆಸಿದೆವು. ಕಾಗವಾಡದ ಹುಡುಗಿಯನ್ನು ನಾನೇ ಕರೆದು ಮುಂದಿನ ಸಾಲಿನ ನಡುವೆ ಕೂರಿಸಿದೆ. ಪ್ರಾಂಶುಪಾಲರಿಗೆ ಖುಷಿಯಾಯಿತು. "ಇದನ್ನ ವರದ್ಯಾಗ ಹಾಕೋಣ್ರಿ. ಇಂಥಾದ್ದು ಬ್ಯಾರೆ ಕಾಲೇಜಿನಾಗ ಇಲ್ಲ," ಎಂದರು. ಇರಲಿಲ್ಲ, ನಿಜ.

ಬದಲಾವಣೆಯ ಪರಿಣಾಮ ಒಂದು ವಾರದಲ್ಲಿ ತಿಳಿಯಿತು. ಗ್ರಂಥಾಲಯದ ಓದುವ ಕೋಣೆ ಸಂಜೆ ನಾಲ್ಕೂವರೆಯಿಂದ ಏಳರವರೆಗೆ ತೆರೆದಿರುತ್ತದೆ. ಸ್ವಂತ ಪುಸ್ತಕವಿಲ್ಲದವರು ಅಲ್ಲೇ ಕುಳಿತು ಓದಬೇಕು, ಆ ಪುಸ್ತಕಗಳನ್ನು ಹೊರಗೆ ಕೊಡುವುದಿಲ್ಲ. ಅವರು ಓದು ಅರ್ಧಕ್ಕೆ ಬಿಟ್ಟು ಉಣ್ಣಲು ಓಡಿ ಬರಬೇಕಾಯಿತು, ಇಲ್ಲವೆ ಆರಿದ್ದನ್ನು ಉಣ್ಣಬೇಕಾಯಿತು. ಎಂಟು ಗಂಟೆಗೆ ಎಲ್ಲರಿಗೂ ಮತ್ತೆ ಹಸಿವು. ಮಾವಶಿ ಒಂದು ಮಧ್ಯಾಹ್ನ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು.

"ಮೂರಕ್ಕ ಹಂಚ ಇಡೂದಂದ್ರ ನಾ ಉಂಡ ಅಡ್ಡಾಗೂದ ಯಾವಾಗ್ರಿ ಮೇಡಂ? ನಡಾ ಹಿಡದೈತಿ."

"ಸ್ವಲ್ಪ ದಿನಾ ತಡೀರಿ ಮಾವಶಿ. ರೂಢಿ ಆಗ್ತೈತಿ."

"ಯಾರಿಗ್ರಿ?" ಎಂದಳು. ಉತ್ತರಕ್ಕೆ ಕಾಯಲಿಲ್ಲ.

ದಿನಚರಿಯಲ್ಲಿ ಅದನ್ನು ನಾನು ‘ಹೊಂದಾಣಿಕೆಯ ತೊಂದರೆಗಳು’ ಎಂದು ಬರೆದುಕೊಂಡಿದ್ದೇನೆ. ಈಗ ಓದಿದರೆ ಅದು ಬೇರೆ ಯಾರದೋ ವರದಿಯಂತೆ ಕಾಣುತ್ತದೆ.

ಒಂದು ಸಂಜೆ ಮಹಡಿಯಿಂದ ಇಳಿಯುತ್ತಿದ್ದೆ. ಕೆಳಗೆ ಕೈತೊಳೆಯುವ ನಳದ ಬಳಿ ಹುಡುಗಿಯರು ಸಾಲಾಗಿ ನಿಂತಿದ್ದರು. ಕೊಗನೊಳ್ಳಿಯವಳ ದನಿ ಮೊದಲು ಕೇಳಿಸಿತು. ಹಾಸ್ಟೆಲ್ಲಿನಲ್ಲಿ ಅವಳ ದನಿಯೇ ಎಲ್ಲಕ್ಕಿಂತ ಜೋರು.

"ಸರೀರಿ ಬೇ, ಐದೂವರಿ ಬಂದ್ಲು, ಐದೂವರಿ!"

ಅದು ಕಾಗವಾಡದ ಹುಡುಗಿಗೆ ಇಟ್ಟ ಹೆಸರು ಎಂದು ನನಗೆ ಆಗ ತಿಳಿಯಿತು.

"ಏ ತಾಯೀ, ನಿನ್ನ ಸೂರ್ಯಾಗ ಒಂದ ಅರ್ಜಿ ಬರಿ. ಏಳರ ತನಕಾ ಮುಣಗಬ್ಯಾಡ ಅಂತ ಹೇಳ."

"ಸೂರ್ಯಾಗ ಯಾಕ?" ಎಂದಳು ಇನ್ನೊಬ್ಬಳು. "ಆಕಿ ಅರ್ಜಿ ಮೇಡಂ ಕಡೇನ ಪಾಸ್ ಆಗೇತಿ."

ಎಲ್ಲರೂ ನಕ್ಕರು.

"ನಾ ಯಾರಿಗೂ ಏನೂ ಹೇಳಿಲ್ಲ ಬೇ," ಎಂದಳು ಕಾಗವಾಡದ ಹುಡುಗಿ.

"ಹೇಳಲಾರದ ನಮ್ಮ ರಾತ್ರಿ ಊಟಾ ಹಗಲೀಗೆ ಬಂತನು? ನಂದು ಓದೂದ ಅರ್ಧಾ ಉಳದೈತಿ ಅಲ್ಲೆ. ನೀ ಉಂಡ ಮ್ಯಾಲ ಬಂದ ಓದಸ್ತೀಯೇನು?"

ಕೊನೆಯ ಮಾತಿನಲ್ಲಿ ತಮಾಷೆ ಇರಲಿಲ್ಲ. ನಾನು ಮೆಟ್ಟಿಲ ಮೇಲೆಯೇ ನಿಂತಿದ್ದೆ. ಕೆಳಗಿಳಿದು, ಅವಳು ಅರ್ಜಿ ಕೊಟ್ಟಿಲ್ಲ, ಬದಲಾವಣೆ ನನ್ನದು ಎಂದು ಹೇಳಬಹುದಿತ್ತು. ಯಾಕೆ ಹೇಳಲಿಲ್ಲ ಎನ್ನುವುದಕ್ಕೆ ಆ ದಿನ ಏನೋ ಕಾರಣ ಇದ್ದಂತಿತ್ತು. ದಿನಚರಿಯಲ್ಲೂ ಅದು ಇಲ್ಲ.

ಆಮೇಲೆ ಆ ಹುಡುಗಿ ಊಟದ ಹಾಲಿಗೆ ಬರುವುದು ಕಡಿಮೆಯಾಯಿತು. ಕೇಳಿದವರಿಗೆ ಉಪವಾಸ ಎನ್ನುತ್ತಿದ್ದಳು. ಅವರ ಮನೆಗಳಲ್ಲಿ ಉಪವಾಸ ಹೊಸದಲ್ಲವಾದ್ದರಿಂದ ಯಾರೂ ಅನುಮಾನಿಸಲಿಲ್ಲ, ನಾನೂ. ಮಾವಶಿ ಒಬ್ಬಳೇ "ಯಾವ ಉಪಾಸ್ರಿ ಇದು, ತಿಂಗಳಗಟ್ಟಲೆ?" ಎಂದಳು. ಅವರ ಧರ್ಮದ ವಿಷಯ, ನಾವು ಮಧ್ಯೆ ಬರಬಾರದು ಎಂದೆ ನಾನು.

ದ್ರಾಕ್ಷಿ ಕೊಯ್ಲು ಶುರುವಾದ ಹೊತ್ತಿಗೆ ಅವಳ ತಂದೆ ಬಂದರು. ಬಿಳಿ ಟೊಪ್ಪಿಗೆ, ಕೈಯಲ್ಲಿ ಒಂದು ಪೆಟ್ಟಿಗೆ ದ್ರಾಕ್ಷಿ. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಕುಳಿತುಕೊಳ್ಳುವ ಮೊದಲೇ ಹೇಳಿದರು.

"ಹುಡುಗೀದು ಟಿ.ಸಿ. ಬೇಕಾಗಿತ್ರಿ."

ಹುಡುಗಿ ಬಾಗಿಲ ಬಳಿ ನಿಂತಿದ್ದಳು. ಸೊರಗಿದ್ದಳು. ಅಷ್ಟು ದಿನ ನಾನು ದಿನವೂ ನೋಡಿದ ಮುಖ ಅದು. ಆದರೆ ಸೊರಗಿದ್ದು ಕಂಡದ್ದು ತಂದೆಯ ಪಕ್ಕದಲ್ಲಿ ನಿಂತಾಗ.

"ಯಾಕ್ರಿ? ಮಾರ್ಕ್ಸ್ ಚಲೋ ಅದಾವಲ್ಲ," ಎಂದೆ.

"ನಿಮ್ಮ ಮ್ಯಾಲ ತಕರಾರಿಲ್ರಿ ಮೇಡಂ. ಹುಡುಗಿ ಉಣವಲ್ದು. ನಮ್ಮವ್ವ ಅಂತಾಳ, ಉಣ್ಣೂದ ಬಿಟ್ಟ ಓದೂ ಸಾಲಿ ನಮಗ ಬ್ಯಾಡ ಅಂತ."

"ಆಕಿ ಸಲುವಾಗೇ ನಾವು ಊಟದ ವ್ಯಾಳೇ ಬದಲ ಮಾಡೇವ್ರಿ."

ಅವರು ಮಗಳ ಕಡೆ ನೋಡಿ, ಮತ್ತೆ ನನ್ನ ಕಡೆ ತಿರುಗಿದರು. "ಹೌದಂತ್ರಿ. ಅದಕ್ಕ."

ಆಮೇಲೆ ಹುಡುಗಿಯೇ ಬಾಯಿ ಬಿಟ್ಟಳು. "ಅಪ್ಪಾ, ಈ ಸೆಮಿಸ್ಟರ್ ಒಂದ ಮುಗಸ್ತೀನಿ. ದಿನಾ ಬಸ್ಸಿಗೆ ಬಂದ ಹೋಗ್ತೀನಿ. ಆಮ್ಯಾಲ ನೋಡೋಣು."

ಟಿ.ಸಿ. ಅಷ್ಟಕ್ಕೆ ನಿಂತಿತು. ಅವಳು ಹಾಸ್ಟೆಲ್ಲು ಬಿಟ್ಟು ಮನೆಯಿಂದ ಓಡಾಡತೊಡಗಿದಳು. ಬೆಳಗಿನ ಬಸ್ಸು ತಡವಾದರೆ ಪ್ರಾಕ್ಟಿಕಲ್ ತಪ್ಪುತ್ತಿತ್ತು. ಹೊತ್ತು ಮುಳುಗುವ ಮೊದಲು ಮನೆ ಸೇರಿ ಉಣ್ಣಬೇಕೆಂದು ಮಧ್ಯಾಹ್ನದ ಕೊನೆಯ ತರಗತಿ ಬಿಡುತ್ತಿದ್ದಳು. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆ ತಪ್ಪಿದರೆ ಮನೆಯಲ್ಲಿ ಎರಡನೆಯ ಸಲ ಕೇಳುವ ಧೈರ್ಯ ಅವಳಿಗೆ ಇರುವುದಿಲ್ಲ. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಒಂದು ಭಾನುವಾರ ರಾಯಬಾಗದಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ಅವ್ವ ಈಗಿಲ್ಲ. ಅಕ್ಕನಿಗೆ ನನಗಿಂತ ಏಳು ವರ್ಷ ಹೆಚ್ಚು. ಯಾಕೆ ಅವಳಿಗೇ ಮಾಡಿದೆನೆಂದರೆ, ನಾನು ಮಾಡಿದ್ದು ಸರಿ ಎಂದು ಹೇಳಬಲ್ಲವರು ಬೇರೆ ಯಾರೂ ನೆನಪಾಗಲಿಲ್ಲ. ಹುಡುಗಿಯ ವಿಷಯ ಹೇಳಿ, ಕಲ್ಲಿನ ವಿಷಯಕ್ಕೆ ಬಂದೆ.

"ಯಾವ ಕಲ್ಲ?" ಎಂದಳು.

"ಕೊಟಗಿ ಬಾಜೂಕ ಇತ್ತಲ್ಲ. ನಾವು ಕುಂತ ಉಣ್ಣತಿದ್ವಿ. ನಂಗಿನ್ನೂ ಸುಟ್ಟಂಗ ಆಗ್ತೈತಿ."

"ನಿನಗ ಸುಡತೈತಿ? ನೀ ಎಲ್ಲಿದ್ದೀಬೇ ಅವಾಗ? ಕುಂತಾಕಿ ನಾನ. ನೀ ಇನ್ನ ಹುಟ್ಟಿರಲೇ ಇಲ್ಲ. ನೀ ಹುಟ್ಟೂದ್ರಾಗ ಅವ್ವ ಆ ಹೊಲಾ ಬಿಟ್ಟ ಅಂಗನವಾಡಿಗೆ ಹೋಗಾಕತ್ತಿದ್ಲು."

"ಮತ್ತ ನಂಗ ಹ್ಯಾಂಗ ನೆನಪೈತಿ?"

"ನಾನ ಹೇಳಿರಬೇಕು. ದಿನಾ ಜಳಕಾ ಮಾಡಸೂವಾಗ ಏನೇನೋ ಹೇಳ್ತಿದ್ನಿ ನಿನಗ." ನಂತರ ಕೇಳಿದಳು: "ಆ ಹುಡುಗೀನ್ನ ಕೇಳೀಯೇನ, ಎಲ್ಲಿ ಉಣ್ತಿ ಅಂತ?"

"ಇಲ್ಲ."

"ಆಕೀನ್ನ ಬಿಟ್ಟ ನಂಗ ಫೋನ್ ಮಾಡೀದಿ."

ಅಕ್ಕನ ನೆನಪೇ ಸರಿ, ನನ್ನದೇ ತಪ್ಪು ಎಂದು ಹೇಳಲು ನನಗೆ ಬೇರೆ ಆಧಾರವಿಲ್ಲ. ಆದರೆ ನಮ್ಮ ವಯಸ್ಸಿನ ಲೆಕ್ಕ ಅವಳ ಕಡೆಗಿದೆ. ಇಷ್ಟು ವರ್ಷ ಬೇರೆಯವಳ ಕಲ್ಲಿನ ಮೇಲೆ ಕುಳಿತು ಪಾಠ ಹೇಳಿದ್ದೇನೆ ಎನಿಸಿ, ಅಂದು ಮಧ್ಯಾಹ್ನ ದಿನಚರಿಯ ಹಳೆಯ ಪುಟಗಳನ್ನು ತೆಗೆದೆ. ಗ್ಯಾಸ್ ನೋಡಲು ಹೋದ ದಿನದ ಪುಟದಲ್ಲಿ ಇರುವುದಿಷ್ಟು:

‘ಸಿಲಿಂಡರ್ ಎರಡು ಉಳಿದಿವೆ. ಅಡಿಗೆಮನೆ ಹೊಸ್ತಿಲಲ್ಲಿ ಕಾಗವಾಡದ ಹುಡುಗಿ, ತಾಟು ಹಿಡಿದು. ಮಾವಶಿ ರೊಟ್ಟಿ ಬಡಿಯುತ್ತ ಏನೋ ಹೇಳುತ್ತಿದ್ದಳು, ಹುಡುಗಿ ನಗುತ್ತಿದ್ದಳು. ನನ್ನನ್ನು ಕಂಡು ಇಬ್ಬರೂ ಸುಮ್ಮನಾದರು. ಈ ಬಗ್ಗೆ ಏನಾದರೂ ಮಾಡಬೇಕು.’

ನಗುತ್ತಿದ್ದಳು ಎಂಬ ಪದ ನನ್ನ ಕೈಬರಹದಲ್ಲೇ ಇದೆ. ತಲೆ ತಗ್ಗಿಸಿದ್ದಳು ಎಂದು ಎಲ್ಲೂ ಇಲ್ಲ. ತಗ್ಗಿಸಿದ್ದರೆ ಅದು ನಾನು ಬಂದ ಮೇಲೆ. ದಿನಚರಿಯೂ ಸುಳ್ಳು ಹೇಳಬಹುದು. ಆದರೆ ಅಂದಿನ ನನಗೆ ಆ ನಗುವನ್ನು ಕಟ್ಟಿ ಬರೆಯುವ ಕಾರಣವೇನೂ ಇರಲಿಲ್ಲ.

ಅಡಿಗೆಮನೆಗೆ ಹೋದೆ. ಮಾವಶಿ ಕಾಳು ಆರಿಸುತ್ತಿದ್ದಳು.

"ಆ ಹುಡುಗಿ ಇಲ್ಲಿ ಕುಂತ ಏನ ಮಾತಾಡ್ತಿದ್ಲು?"

"ಏನರ ಮಾತಾಡ್ತಿದ್ವಿ. ನನ್ನ ತವರಮನಿ ಕಡೀದು, ಆಕಿ ಅಜ್ಜೀದು. ಆಕೀಗೆ ರೊಟ್ಟಿ ಬಡ್ಯಾಕ ಕಲಸಾಕತ್ತಿದ್ನಿ. ನಕಾಶಿ ಆಗಿ ಬರತಿದ್ವು, ಒಂದ ಕಡೆ ಮಹಾರಾಷ್ಟ್ರ, ಒಂದ ಕಡೆ ಕರ್ನಾಟಕ." ನಕ್ಕಳು. ನಗು ಅರ್ಧಕ್ಕೆ ನಿಂತಿತು. "ಇಷ್ಟ ಮಂದೀಗೆ ಬಡೀತೀನಿ, ಬಿಸಿ ಇದ್ದಾಗ ಉಂಡ ಚಲೋ ಐತಿ ಅನ್ನಾಕಿ ಆಕಿ ಒಬ್ಬಾಕೀನ ಇದ್ಲು. ನೀವು ಹಲಗೀ ಮ್ಯಾಲ ಒಳಗ ಬರಬಾರ್ದು ಅಂತ ಬರದ್ರಿ. ನನಗ ಓದಾಕ ಬರೂದಿಲ್ಲ. ಹುಡುಗ್ಯಾರ ಓದಿ ಹೇಳಿದ್ರು."

"ನೀವು ನನಗ ಹೇಳಬೇಕಿತ್ತಲ್ಲ ಮಾವಶಿ."

"ನೀವ್ ಕೇಳಿದ್ದು ಆಕಿ ಒಬ್ಬಾಕೀನ ಕುಂಡರತಾಳನು ಅಂತ. ಹೌದ್ರಿ ಅಂದ್ನಿ. ನಾ ಎಣಿಸಿರಲಿಲ್ಲ, ನನ್ನ."

ಕೊನೆಯ ಮಾತು ಅರ್ಥವಾಗಲು ನನಗೆ ಒಂದು ಕ್ಷಣ ಹಿಡಿಯಿತು. ಅಲ್ಲಿ ಇಬ್ಬರಿದ್ದರು. ಒಬ್ಬಳೇ ಎಂದು ಕೇಳುವಾಗ ನಾನು ಅಡಿಗೆಯಾಕೆಯನ್ನು ಬಿಟ್ಟು ಎಣಿಸಿದ್ದೆ. ಪ್ರಬಂಧ ಬರೆದವಳು ನಾನು.

ಸೋಮವಾರ ಪ್ರಾಂಶುಪಾಲರ ಬಳಿ ಹೋಗಿ, ಊಟದ ವೇಳೆಯನ್ನು ಮೊದಲಿನಂತೆ ಮಾಡುತ್ತೇನೆ ಎಂದೆ.

"ವರದಿ ಹೋಗೇತಲ್ರಿ. ಫೋಟೋ ಸಮೇತ."

"ಅದನ್ನ ತಗಸಬೇಕಾಗ್ತೈತ್ರಿ."

"ಹೋದದ್ದ ಹ್ಯಾಂಗ ತಗಸೂದು?" ಸ್ವಲ್ಪ ಯೋಚಿಸಿದರು. "ಒಂದ ಕೆಲಸಾ ಮಾಡ್ರಿ. ವ್ಯಾಳೇ ನಿಮ್ಮದು, ನಿಮಗ ತಿಳದಂಗ ಮಾಡ್ರಿ. ಫೋಟೋ ನಮ್ಮದು, ಇರಲಿ."

ನಾನು ಒಪ್ಪಿಕೊಂಡು ಬಂದೆ. ಫೋಟೋ ಈಗಲೂ ವರದಿಯಲ್ಲಿದೆ. ತಂಡದವರು ಬಂದಾಗ ಅದನ್ನು ಮೆಚ್ಚಿದರು, ನಾನು ಪಕ್ಕದಲ್ಲೇ ಇದ್ದೆ, ಏನೂ ಹೇಳಲಿಲ್ಲ. ಇದನ್ನು ಬಿಟ್ಟು ಬರೆದಿದ್ದರೆ ಈ ಬರಹ ನನಗೆ ಇನ್ನಷ್ಟು ಅನುಕೂಲವಾಗುತ್ತಿತ್ತು.

ಬೋರ್ಡು ಒರೆಸಿದೆ. ಊಟ ಏಳೂವರೆಗೆ, ಹೊತ್ತು ಮುಳುಗುವ ಮೊದಲು ಉಣ್ಣುವವರು ಮಾವಶಿಗೆ ಹೇಳಬೇಕು ಎಂದು ಬರೆದೆ. ಅಂದು ಊಟದ ಹಾಲಿನಲ್ಲಿ ಎಲ್ಲರೂ ಕೂಡಿದಾಗ, ವೇಳೆ ಬದಲಿಸಿದ್ದು ನಾನು, ಆ ಹುಡುಗಿ ಯಾರನ್ನೂ ಏನನ್ನೂ ಕೇಳಿರಲಿಲ್ಲ ಎಂದೂ ಹೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಅಳಲಿಲ್ಲ. ಕೊಗನೊಳ್ಳಿಯವಳು ಮಾತ್ರ, "ಅವತ್ತ ಮೆಟ್ಟಲಾ ಮ್ಯಾಲ ನಿಂತಿದ್ರಲ್ರಿ ಮೇಡಂ, ಅವಾಗ ಹೇಳಿದ್ರ ಆಗ್ತಿತ್ತು," ಎಂದಳು. ನಾನು ನಿಂತದ್ದನ್ನು ಅವಳು ನೋಡಿದ್ದಳು.

ಕಾಗವಾಡಕ್ಕೆ ಫೋನ್ ಮಾಡಿದೆ. "ನೋಡ್ತೀವ್ರಿ," ಎಂದರು ತಂದೆ. ಮೂರು ದಿನ ಕಳೆಯಿತು. ಹಾಜರಾತಿ ಪುಸ್ತಕ ತೆಗೆದು ನೋಡಿದೆ. ಇನ್ನೊಂದು ವಾರ ಹೀಗೇ ಪ್ರಾಕ್ಟಿಕಲ್ ತಪ್ಪಿದರೆ ಅವಳು ಪರೀಕ್ಷೆಗೆ ಕೂರುವಂತಿರಲಿಲ್ಲ. ನಾಲ್ಕನೆಯ ದಿನ ಮಾವಶಿ, "ಒಂದ ಸಲಾ ಹಚ್ಚಿ ಕೊಡ್ರಿ," ಎಂದು ನನ್ನ ಫೋನ್ ಕೇಳಿದಳು. ಅಜ್ಜಿ ಎತ್ತಿದರು ಎಂದು ಕಾಣುತ್ತದೆ. ಮೊದಲು ಮರಾಠಿಯಲ್ಲಿ ಬಹಳ ಹೊತ್ತು ಮಾತು ನಡೆಯಿತು. ಆಮೇಲೆ ಹುಡುಗಿ ಬಂದಿರಬೇಕು.

"ಬಾರವ್ವಾ," ಎಂದಳು ಮಾವಶಿ. "ನಾಕ ದಿನಾ ಆತು, ಮೊದಲಿನ ಎರಡು ರೊಟ್ಟಿ ತಗದ ಇಡಾಕತ್ತೀನಿ. ರೂಢಿ ಬಿಡವಲ್ದು. ಆರಿದ ಮ್ಯಾಲ ನಾನ ತಿಂತೀನಿ. ದಪ್ಪಾಗಾಕತ್ತೀನಿ ನಿನ್ನ ಸಲುವಾಗಿ."

ಮುಂದಿನ ಸೋಮವಾರ ಬೆಳಗಿನ ಬಸ್ಸಿಗೆ ಅವಳು ಬ್ಯಾಗು ಹಿಡಿದು ಬಂದಳು. ನನ್ನ ಮಾತಿಗೆ ಬಂದಳೆಂದು ಒಂದು ದಿನವೂ ಅನ್ನಿಸಲಿಲ್ಲ. ಪ್ರಾಕ್ಟಿಕಲ್ ಮತ್ತೆ ತಪ್ಪಲಿಲ್ಲ, ಪರೀಕ್ಷೆಗೆ ಕುಳಿತಳು. ಈಗ ಕೊನೆಯ ವರ್ಷದಲ್ಲಿದ್ದಾಳೆ. ಐದೂವರಿ ಎಂಬ ಹೆಸರು ಹೋಗಿಲ್ಲ. ಕೊಗನೊಳ್ಳಿಯವಳು ಈಗಲೂ ಹಾಗೆಯೇ ಕೂಗುತ್ತಾಳೆ, ಇವಳು ಓ ಎನ್ನುತ್ತಾಳೆ.

ಅವಳು ಮರಳಿದ ದಿನ ಸಂಜೆ ನಾನು ಅಡಿಗೆಮನೆಗೆ ಹೋದೆ. ಅವಳು ಅದೇ ಹೊಸ್ತಿಲ ಬಳಿ ತಾಟು ಹಿಡಿದು ಕುಳಿತಿದ್ದಳು. ನನ್ನನ್ನು ಕಂಡು ಏಳಲು ಹೋದಳು. ಬೇಡ ಎಂದೆ.

"ನಿನಗ ಎಲ್ಲಿ ಕುಂತ ಉಣ್ಣೂದ ಚಲೋ ಅನಸ್ತೈತಿ?" ಎಂದು ಕೇಳಿದೆ. ಮೊದಲ ದಿನ ಕೇಳಬೇಕಿದ್ದ ಪ್ರಶ್ನೆ.

"ಇಲ್ಲೇರಿ ಮೇಡಂ."

ನಾನು ಇನ್ನೂ ನಿಂತಿದ್ದೆ. ಮಾವಶಿ ಹಂಚಿನ ಕಡೆ ಮುಖ ಮಾಡಿ ಸುಮ್ಮನಿದ್ದಳು. ಹುಡುಗಿ ಸ್ವಲ್ಪ ತಡೆದು, ದನಿ ತಗ್ಗಿಸಿ ಹೇಳಿದಳು: "ನಿಮಗ ಬ್ಯಾರೆ ಕೆಲಸಾ ಇದ್ರ ಹೋಗ್ರಿ. ನೀವು ನಿಂತ್ರ ಮಾವಶಿ ಮಾತಾಡಂಗಿಲ್ಲ."

ಹೊರಗೆ ಬಂದೆ. ಕೋಣೆಗೆ ಹೋಗಿ ದಿನಚರಿ ತೆಗೆದಾಗ, ನನ್ನ ಹಿಂದೆ ಇಬ್ಬರೂ ನಕ್ಕದ್ದು ಕೇಳಿಸಿತು ಎಂದು ಬರೆಯುವ ಮನಸ್ಸಾಯಿತು. ನಿಜವಾಗಿ ಕೇಳಿಸಿದ್ದು ರೊಟ್ಟಿ ಬಡಿಯುವ ಸದ್ದು. ಅಷ್ಟನ್ನೇ ಬರೆದೆ.